ಗುಳಿಗೆಯ ಡಬ್ಬಿಯೂ ನೌಕರರ ಊಟವೂ

ಹಿಂಜವಾಡಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳೂ ಅಲ್ಲಿಯ ಕಚೇರಿಗಳ ಗುಮಾಸ್ತ ಮಿತ್ರರೂ ಸಂಬಳದಲ್ಲಿ ಒಂದಿಷ್ಟನ್ನು ‘ರೋಗನಿರೋಧಕ ಶಕ್ತಿ’ಯ ಗುಳಿಗೆಗಳಿಗೆಂದು ತೆಗೆದಿರಿಸುವ ರೂಢಿ 2020ರ ಕೊರೋನಾ ಪಿಡುಗಿನ ಕಾಲದಲ್ಲಿ ಬೇರೂರಿತು. ಪಿಡುಗು ಇಳಿದರೂ ರೂಢಿ ಇಳಿದಿಲ್ಲ. ಆರೋಗ್ಯದ ಮೇಲಿನ ಕಾಳಜಿ ಸ್ತುತ್ಯವೇ ಸರಿ. ಆದರೆ ಊರಿಗೆ ಕಳುಹಬೇಕಾದ ಹಣದಲ್ಲಿ ಕಡಿತ ಮಾಡಿ ಕೊಂಡ ಡಬ್ಬಿಯು ಕೊಟ್ಟ ಬೆಲೆಗೆ ತಕ್ಕ ಫಲವನ್ನು ಕೊಡುತ್ತದೆಯೇ ಎಂಬುದನ್ನು ವಿಚಾರಿಸುವುದು ಅವಶ್ಯ.

ಜೀವಸತ್ವಗಳೂ ಖನಿಜಗಳೂ ದೇಹರಕ್ಷಣೆಗೆ ಬೇಕೆಂಬುದು ನಿರ್ವಿವಾದ. ‘ಎ’ ಜೀವಸತ್ವವು ಮೂಗು, ಗಂಟಲು, ಕರುಳುಗಳ ಒಳಪೊರೆಯನ್ನು ಭದ್ರವಾಗಿಡುತ್ತದೆ. ‘ಸಿ’, ‘ಡಿ’, ಕಬ್ಬಿಣ, ಸತು ಇವು ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳಿಗೆ ಬೇಕು. ಕೊರತೆಯಿದ್ದವನಿಗೆ ಅದನ್ನು ತುಂಬಿಕೊಟ್ಟರೆ ಗುಣ ಕಾಣುವುದು ನಿಜ. ಕೊರತೆಯಿಲ್ಲದವನು ನುಂಗಿದ ಹೆಚ್ಚಿನ ‘ಸಿ’ ಮೂತ್ರದೊಡನೆ ಹೋಗುತ್ತದೆ. ಸತುವಿನ ಮಾತು ಇನ್ನೂ ಬೇರೆ: ಬಹುಕಾಲ ಅತಿಯಾಗಿ ಸೇವಿಸಿದರೆ ದೇಹದಲ್ಲಿ ತಾಮ್ರದ ಅಂಶ ಕುಗ್ಗಿ, ಯಾವ ಶಕ್ತಿಯನ್ನು ಬಯಸಿ ಗುಳಿಗೆ ಕೊಂಡೆವೋ ಅದೇ ಕುಂದುತ್ತದೆ. ಕೊರೋನಾ ರೋಗಿಗಳಿಗೆ ಈ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಹೊರಬಂತು. ಹೇಳಿಕೊಳ್ಳುವಂಥ ಪ್ರಯೋಜನ ಅದರಲ್ಲಿ ಕಾಣಲಿಲ್ಲ.

ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಮ್ ‘ಸಿ’ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿ ಮಾಡಿದೆ. ಪುಣೆಯ ಕೈಗಾಡಿಗಳಲ್ಲಿ ‘ಪೇರೂ’ ಎಂದು ಮಾರುವ ನಮ್ಮ ಪೇರಳೆಯ 100 ಗ್ರಾಮಿನಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ದೊರೆಯುತ್ತದೆ!

ಹಾಗಾದರೆ ಕೊರತೆ ಬರುವುದೆಲ್ಲಿಂದ? ನೂರಾರು ಜನರಿಗೆ ಬಡಿಸುವವನ ಸ್ವಂತ ಊಟದಿಂದ. ಗಿರಾಕಿಗಳ ಗದ್ದಲ ಅಡಗಿದ ಮೇಲೆ, ಮಧ್ಯಾಹ್ನ ಮೂರೂವರೆಗೋ ನಾಲ್ಕಕ್ಕೋ, ಅವನ ಪಾಲಿಗೆ ಬರುವುದು ಮಿಕ್ಕ ಅನ್ನ ಮತ್ತು ಬೆಳಗಿನಿಂದ ಒಲೆಯ ಮೇಲೆಯೇ ಇದ್ದ ಸಾಂಬಾರು. ಕಾಯಿಪಲ್ಯದ ‘ಸಿ’ ಸತ್ವದಲ್ಲಿ ಬಹುಪಾಲು ಅಷ್ಟರಲ್ಲಿ ಬೆಂದು ಹೋಗಿರುತ್ತದೆ. ಬೇಳೆಯಲ್ಲಿ ಕಬ್ಬಿಣವೇನೋ ಇದೆ. ಆದರೆ ಊಟದ ಬೆನ್ನಿಗೇ ಕುಡಿಯುವ ಚಹದ ಒಗರು ಅದನ್ನು ದೇಹಕ್ಕೆ ಸರಿಯಾಗಿ ದಕ್ಕಗೊಡುವುದಿಲ್ಲ. ಅದೇ ಅಡಿಗೆಮನೆಯಲ್ಲಿ ಗಿರಾಕಿಗಾಗಿ ಹೆಚ್ಚಿಟ್ಟ ನಿಂಬೆಹೋಳು ಇದೆ, ಮಿಸಳ್‌ಗೆಂದು ಮೊಳಕೆ ಬರಿಸಿದ ಮಟಕಿ ಇದೆ, ಕೋಸಂಬರಿಗೆ ನೆನೆಹಾಕಿದ ಹೆಸರುಬೇಳೆ ಇದೆ. ಅನ್ನದ ಮೇಲೆ ಹಿಂಡಿದ ಅರ್ಧ ನಿಂಬೆಯು ಬೇಳೆಯ ಕಬ್ಬಿಣ ದೇಹಕ್ಕೆ ಹೆಚ್ಚು ದಕ್ಕುವಂತೆ ಮಾಡುತ್ತದೆ. ಹಿಟ್ಟು ಹುಳಿ ಬರಿಸಿ ಮಾಡಿದ ಇಡ್ಲಿಯಲ್ಲಿಯೂ ಧಾನ್ಯದ ಖನಿಜಗಳು ಸುಲಭವಾಗಿ ದೊರೆಯುತ್ತವೆ. ಈ ವಿದ್ಯೆ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಗುಮಾಸ್ತ ಬಂಧುಗಳ ಕೊರತೆ ಬೇರೆ ಬಗೆಯದು. ಅವರು ಬಿಸಿಲೇರುವ ಮುನ್ನ ಕಚೇರಿ ಸೇರಿ, ಕತ್ತಲಾದ ಮೇಲೆ ಹೊರಬೀಳುತ್ತಾರೆ. ‘ಡಿ’ ಜೀವಸತ್ವವು ಚರ್ಮದಲ್ಲಿ ಹುಟ್ಟಲು ಬಿಸಿಲು ನೇರವಾಗಿ ಮೈಗೆ ತಾಗಬೇಕು. ಹಿಂಜವಾಡಿಯ ಗಾಜಿನ ಗೋಡೆಗಳ ಮೂಲಕ ಬರುವ ಬಿಸಿಲು ಎಷ್ಟು ಬೆಳಗಿದರೂ ಈ ಕೆಲಸಕ್ಕೆ ಬಾರದು. ಮಧ್ಯಾಹ್ನದ ಬಿಡುವಿನಲ್ಲಿ ಕಾಲುಗಂಟೆ ಹೊರಗೆ ಅಡ್ಡಾಡುವುದು ಖರ್ಚಿಲ್ಲದ ಉಪಾಯ. ರಕ್ತಪರೀಕ್ಷೆಯಲ್ಲಿ ‘ಡಿ’ಯೋ, ಶಾಕಾಹಾರಿಗಳಲ್ಲಿ ಹಲವರಿಗೆ ಸಾಲದಾಗುವ ‘ಬಿ-12’ ಸತ್ವವೋ ಕಡಿಮೆಯೆಂದು ಕಂಡುಬಂದರೆ ವೈದ್ಯರು ಹೇಳಿದಷ್ಟು ಗುಳಿಗೆಯನ್ನು ಅವಶ್ಯವಾಗಿ ತೆಗೆದುಕೊಳ್ಳಬೇಕು. ನಮ್ಮ ಆಕ್ಷೇಪ ಜಾಹೀರಾತನ್ನು ನೋಡಿ ನುಂಗುವ ಗುಳಿಗೆಗೆ ಮಾತ್ರ.

ಹೋಟೆಲು ಮಾಲಕರಲ್ಲಿ ನಮ್ಮ ವಿನಂತಿಯೊಂದಿದೆ. ಅವರಲ್ಲಿ ಅನೇಕರು ಕಪ್ಪುಬಸಿ ತೊಳೆದು ಮೇಲೆ ಬಂದವರೇ. ಕೊನೆಯ ಪಂಕ್ತಿಯ ಊಟವೆಂದರೇನೆಂದು ಅವರಿಗೆ ವಿವರಿಸಬೇಕಾಗಿಲ್ಲ. ನೌಕರರ ಊಟಕ್ಕೆ ನಿತ್ಯವೂ ಒಂದು ಹಿಡಿ ಮೊಳಕೆ ಕಾಳು, ಒಂದು ಹೋಳು ನಿಂಬೆ, ವಾರಕ್ಕೆ ಮೂರು ದಿನ ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ, ಇಷ್ಟನ್ನು ಹೊಂದಿಸುವುದು ಸಣ್ಣ ಹೋಟೆಲಿಗೂ ಅಸಾಧ್ಯವಲ್ಲ. ಊಟದ ಹೊತ್ತನ್ನು ಸರದಿಯ ಮೇಲೆ ಒಂದೂವರೆಗೆ ತರುವುದು ಸಾಧ್ಯವಾದರೆ ಇನ್ನೂ ಮೇಲು. ಚಹ ಒಂದು ಗಂಟೆ ತಡವಾಗಿ ಬರಲಿ.