ಲಾರಿಗೆ ದಾರಿ ಸಿಕ್ಕಿತು, ಚಾಲಕನ ಕೂಲಿಗೆ?

ಕೊರೊನಾ ಕಾಲದ ಸರ್ಕಾರಿ ಆದೇಶಗಳನ್ನು ಈಗ ಮತ್ತೆ ತೆಗೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಸರಕು ನಿಲ್ಲಬಾರದು ಅಂತ ಎಲ್ಲರೂ ಯೋಚಿಸಿದ್ದರು. ಸರಕು ತಂದವನಿಗೆ ಸೋಂಕು ತಗುಲಿದರೆ ಏನು ಎಂಬುದಕ್ಕೆ ಮಾತ್ರ ಅರ್ಧ ಉತ್ತರ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ, ವಿಷಯ ಸುಪ್ರೀಂ ಕೋರ್ಟಿನ ತನಕ ಹೋದದ್ದು ಗಡಿಯವರು ಮರೆತಿಲ್ಲ. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಎಲ್ಲ ಸರಕು ಲಾರಿಗಳಿಗೂ ದಾರಿ ಬಿಟ್ಟರು. ಇಬ್ಬರು ಚಾಲಕರು, ಒಬ್ಬ ಕ್ಲೀನರ್, ಕೈಯಲ್ಲಿ ಲೈಸೆನ್ಸ್ ಇದ್ದರೆ ಸಾಕು; ಖಾಲಿ ಗಾಡಿಗೂ ತಡೆಯಿಲ್ಲ. ಈರುಳ್ಳಿ, ತರಕಾರಿ ಕೊಳೆಯಬಾರದಲ್ಲ, ಒಳ್ಳೆಯದೇ ಆಯಿತು.

ಈಗ ಆ ಚಾಲಕ ಸೋಲಾಪುರದ ಮಾರುಕಟ್ಟೆಯಲ್ಲಿ ಸೋಂಕಿದ್ದ ಹಮಾಲನ ಪಕ್ಕ ಅರ್ಧ ದಿನ ನಿಂತಿದ್ದ ಅಂತ ಇಟ್ಟುಕೊಳ್ಳಿ. ಸೋಂಕಿತರ ಸಂಪರ್ಕಕ್ಕೆ ಬಂದವರು 14 ದಿನ ಪ್ರತ್ಯೇಕ ಇರಬೇಕು ಎಂಬುದು ಆಗಿನ ಸಾಮಾನ್ಯ ನಿಯಮ. ಟ್ರಿಪ್ಪಿಗೆ ಇಷ್ಟು ಅಂತ ದುಡಿಯುವವನಿಗೆ 14 ದಿನ ಅಂದ್ರೆ ಅರ್ಧ ತಿಂಗಳ ಗಂಜಿ. ಅಂಥವನು ‘ನಾನು ಅಲ್ಲಿ ನಿಂತಿದ್ದೆ’ ಅಂತ ತಾನಾಗಿ ಹೇಳುತ್ತಾನೆಯೆ? ಮುಚ್ಚಿದ ಅಂಗಡಿ, ಕಾರ್ಖಾನೆಗಳ ಕೆಲಸಗಾರರ ಸಂಬಳ ಕಡಿಯಬಾರದು ಎಂದು ಮಾರ್ಚ್ 29ರಂದು ಒಂದು ಆದೇಶ ಬಂದಿತ್ತು. ಓಡುತ್ತಿದ್ದ ಲಾರಿಯವನಿಗೆ ಅದರಿಂದ ಲಾಭವಿಲ್ಲ. ಮೇ 18ರಿಂದ ಅದೂ ಇಲ್ಲವಾಯಿತು.

ವೈದ್ಯರು, ದಾದಿಯರ ವಿಷಯ ಬೇರೆ. ಅವರಿಗೆ ಮೇ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟವಾಗಿ ಬರೆದು ಕೊಟ್ಟಿತು: ಹೆಚ್ಚು ಅಪಾಯದ ಸಂಪರ್ಕವಾದರೆ ಒಂದು ವಾರ ಕ್ವಾರಂಟೈನ್, ಮುಂದಿನ ವಾರ ಬೇಕೋ ಬೇಡವೋ ಅಂತ ಆಮೇಲೆ ತೀರ್ಮಾನ, ಕಡಿಮೆ ಅಪಾಯವಾದರೆ ಮೈ ಮೇಲೆ ನಿಗಾ ಇಟ್ಟು ಕೆಲಸ. ಅವರ ಸಂಬಳ ಮತ್ತು ಉಳಿಯುವ ಜಾಗದ ಬಗ್ಗೆ ಸುಪ್ರೀಂ ಕೋರ್ಟ್ ಜೂನ್ 17ರಂದು ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ಅಲ್ಲಿಯೂ ಸುಲಭಕ್ಕೆ ಸಿಗಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಚಾಲಕ, ಹಮಾಲರ ಪರವಾಗಿ ಹತ್ತುವವರು ಯಾರು?

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದೇ ಏಪ್ರಿಲ್‌ನಲ್ಲಿ ಇನ್ನೊಂದು ದಾರಿ ಹಿಡಿಯಿತು. ಸಂಪರ್ಕವಾಗಿದ್ದರೂ ರೋಗಲಕ್ಷಣವಿಲ್ಲದ ಅಗತ್ಯ ಕೆಲಸಗಾರರು ಬರಬಹುದು. ಕೆಲಸಕ್ಕೆ ಮೊದಲು ಜ್ವರ ನೋಡಬೇಕು, 14 ದಿನ ಮಾಸ್ಕ್ ಹಾಕಬೇಕು. ಕೂಲಿ ಉಳಿಯುತ್ತದೆ ನಿಜ. ಆದರೆ ಈ ರೋಗ ಜ್ವರ ಬರುವ ಮೊದಲೇ ಹರಡುತ್ತಿತ್ತು, ಹಣೆಗೆ ಹಿಡಿಯುವ ಯಂತ್ರಕ್ಕೆ ಅದು ಸಿಗುವುದಿಲ್ಲ. ನಮ್ಮ ಮಾರುಕಟ್ಟೆಯ ಗದ್ದಲಕ್ಕೆ ಅದನ್ನು ತಂದಿದ್ದರೆ ಹಮಾಲರ ಗತಿ ಊಹಿಸಿ.

2021ರ ಜುಲೈ ಕೊನೆಗೆ ಕರ್ನಾಟಕ ಸರ್ಕಾರ ಕೇರಳ, ಮಹಾರಾಷ್ಟ್ರಗಳಿಂದ ವ್ಯಾಪಾರಕ್ಕೋ ಓದಿಗೋ ದಿನಾ ಗಡಿ ದಾಟುವವರಿಗೆ 15 ದಿನಕ್ಕೊಮ್ಮೆ ಆರ್‌ಟಿ-ಪಿಸಿಆರ್ ಪರೀಕ್ಷೆ ಎಂದಿತು. ದಿನದ ಓಡಾಟ ಉಂಟು ಎಂಬುದನ್ನು ಕೊನೆಗಾದರೂ ಒಪ್ಪಿದರು. ಪರೀಕ್ಷೆಯಲ್ಲಿ ಸೋಂಕು ಕಂಡರೆ ಮನೆಯಲ್ಲಿ ಕೂತ ದಿನಗಳ ಕೂಲಿಯನ್ನು ಮಾತ್ರ ಸಾವುಕಾರರ ಮನಸ್ಸಿಗೇ ಬಿಟ್ಟರು.