ಹಲ್ಲಿಗೆ ಕ್ಯಾಪ್ ಹಾಕಿಸೋ ಮುನ್ನ

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರನ್ನ ಹಲ್ಲು ನೋಡಿಯೇ ಗುರುತು ಹಿಡೀಬಹುದು ಅಂತ ನಾವೇ ತಮಾಷೆ ಮಾಡ್ಕೊಳ್ತೀವಿ. ಆದ್ರೆ ಫೋಟೋಗೆ ನಿಂತಾಗ ತುಟಿ ಬಿಚ್ಚದೆ ನಗೋದು ತಮಾಷೆಯಲ್ಲ.

ಕಾರಣ ನೀರು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಇರಬಹುದು ಅನ್ನೋದು ನಮ್ಮ ದೇಶದ ಮಾನದಂಡ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಇದನ್ನು ದಾಟಿವೆ. ಸುಮಾರು ಎಂಟು ವರ್ಷದೊಳಗೆ, ಒಸಡಿನ ಒಳಗೆ ಹಲ್ಲು ತಯಾರಾಗುವಾಗಲೇ ಕಲೆ ಬೀಳುತ್ತೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ.

ಕಳೆದ ವರ್ಷ ಚಿಕ್ಕಪ್ಪನ ಮಗಳಿಗೆ ಮದುವೆ ಗೊತ್ತಾಯ್ತು. “ಅಣ್ಣಾ, ಮುಂದ್ಗಡೆ ಆರು ಹಲ್ಲಿಗೂ ಕ್ಯಾಪ್ ಹಾಕಿಸಿದ್ರೆ ಬೆಳ್ಳಗೆ ಕಾಣುತ್ತಂತೆ, ಹಾಕಿಸ್ಲಾ?” ಅಂತ ಫೋನ್ ಮಾಡಿದ್ಲು. “ಹಾಕೋ ಮೊದಲು ಹಲ್ಲನ್ನ ಎಷ್ಟು ಸವೆಸ್ತಾರೆ ಅಂತ ಕೇಳಿದ್ಯಾ?” ಅಂದೆ. ಕೇಳಿರಲಿಲ್ಲ.

ಕ್ಯಾಪ್ ಅಂದ್ರೆ ಏನು?

ಕ್ಯಾಪ್ ಅಥವಾ ಕ್ರೌನ್ ಹಲ್ಲಿಗೆ ಹಾಕುವ ಟೋಪಿ. ಅದು ಕೂರಬೇಕಾದ್ರೆ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್‌ನಷ್ಟು ಸವೆಸಬೇಕು. ಸವೆದ ಎನಾಮಲ್ ಮತ್ತೆ ಬೆಳೆಯಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಇದಕ್ಕೆ ರೋಲ್‌ಬ್ಯಾಕ್ ಇಲ್ಲ.

ರೂಟ್ ಕೆನಾಲ್ ಆದ ದವಡೆ ಹಲ್ಲು, ಅರ್ಧ ಮುರಿದ ಹಲ್ಲು, ದೊಡ್ಡ ಹುಳುಕು ತುಂಬಿಸಿದ ಹಲ್ಲು ಇವಕ್ಕೆ ಸಾಮಾನ್ಯವಾಗಿ ಕ್ಯಾಪ್ ಬೇಕು. ಇಲ್ಲಾಂದ್ರೆ ಶೇಂಗಾ ಅಗಿಯುವಾಗಲೇ ಸೀಳಿಬಿಡಬಹುದು. ಅಲ್ಲಿ ಕ್ಯಾಪ್ ಹಲ್ಲನ್ನು ಕಾಯುತ್ತೆ. ಗಟ್ಟಿಯಾಗಿರೋ ಹಲ್ಲಿನ ಬರೀ ಕಲೆಗೆ ಅದು ಕೊನೆಯ ದಾರಿ.

ತಂಗಿ ಇನ್ನೊಬ್ಬ ಡಾಕ್ಟರ್ ಹತ್ರ ತೋರಿಸಿದ್ಲು. ಮೇಲ್ಪದರವನ್ನು ಕೂದಲೆಳೆಯಷ್ಟು ಪಾಲಿಶ್ ಮಾಡಿ, ಉಳಿದ ಕಲೆಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ಹಚ್ಚಿದ್ರು. ಹಾಲಿನಂಥ ಬಿಳಿ ಬರಲಿಲ್ಲ, ಆದ್ರೆ ಸ್ವಂತ ಹಲ್ಲು ಉಳೀತು. ಮದುವೆ ಫೋಟೋದಲ್ಲಿ ಬಾಯ್ತುಂಬ ನಕ್ಕಿದ್ದಾಳೆ. ಕಲೆಯ ಜೊತೆ ಗುಳಿ ಬಿದ್ದು ಚೂರು ಚೂರು ಉದುರುವ ಹಲ್ಲಾದ್ರೆ ಮಾತು ಬೇರೆ, ಅದಕ್ಕೆ ಕ್ಯಾಪೇ ಬೇಕಾಗಬಹುದು.

ಬ್ರಿಡ್ಜ್ ಯಾವಾಗ?

ಕಿತ್ತ ಹಲ್ಲಿನ ಜಾಗ ಖಾಲಿ ಬಿಟ್ರೆ ಅಕ್ಕಪಕ್ಕದವು ವಾಲುತ್ತವೆ, ಎದುರಿನದು ಆ ಸಂದಿಗೆ ಇಳಿಯುತ್ತೆ. ಬ್ರಿಡ್ಜ್‌ನಲ್ಲಿ ಎರಡು ಪಕ್ಕದ ಹಲ್ಲುಗಳಿಗೂ ಕ್ಯಾಪ್ ಹಾಕಿ, ನಡುವೆ ಕೃತಕ ಹಲ್ಲನ್ನು ಸೇರಿಸ್ತಾರೆ. ಹೋಗಿದ್ದು ಒಂದೇ ಹಲ್ಲಾದ್ರೂ ಬಿಲ್ ಮೂರರ ಲೆಕ್ಕದಲ್ಲಿ ಬರೋದು ಅದಕ್ಕೇ.

ನಮ್ಮಮ್ಮನಿಗೆ ಪಕ್ಕದ ಎರಡೂ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿತ್ತು, ಹಾಗಾಗಿ ಬ್ರಿಡ್ಜ್ ಸರಿಹೋಯ್ತು. ಪಕ್ಕದವು ಚೆನ್ನಾಗಿದ್ರೆ ಇಂಪ್ಲಾಂಟ್ ಬಗ್ಗೆ ಕೇಳಿ. ದವಡೆ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ, ಅದರ ಮೇಲೆ ಕ್ಯಾಪ್ ಹಾಕ್ತಾರೆ. ದುಡ್ಡು ಜಾಸ್ತಿ, ತಿಂಗಳುಗಟ್ಟಲೆ ಹಿಡಿಯುತ್ತೆ, ಆದ್ರೆ ಪಕ್ಕದ ಹಲ್ಲುಗಳನ್ನು ಮುಟ್ಟೋದಿಲ್ಲ.

ಕುರ್ಚಿ ಮೇಲೆ ಕೂರೋ ಮುಂಚೆ ಕೇಳಿ

• ಕ್ಯಾಪ್ ಯಾಕೆ? ಬಲಕ್ಕಾ, ಬಣ್ಣಕ್ಕಾ?

• ಎಷ್ಟು ಸವೆಸ್ತೀರಿ? ಸವೆಸದೆ ಆಗುವ ದಾರಿ ಇದೆಯಾ?

• ಯಾವ ವಸ್ತು? ಬರೀ ಲೋಹದ್ದು ಗಟ್ಟಿ, ಆದ್ರೆ ಎದ್ದು ಕಾಣುತ್ತೆ. ಲೋಹದ ಮೇಲೆ ಸೆರಾಮಿಕ್ ಇರೋದರಲ್ಲಿ ವರ್ಷಗಳಾದ ಮೇಲೆ ಒಸಡಿನ ಅಂಚಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾದಲ್ಲಿ ಆ ಗೆರೆ ಇರಲ್ಲ, ಬೆಲೆ ಹೆಚ್ಚು.

• ಬ್ರಿಡ್ಜ್ ಕೆಳಗೆ ಕ್ಲೀನ್ ಮಾಡೋದು ಹೇಗೆ? ಸಂದಿಗೆ ಹೋಗುವ ಸಣ್ಣ ಬ್ರಷ್ ಬೇಕು. ಕ್ಯಾಪ್‌ಗೆ ಹುಳುಕು ಹಿಡಿಯಲ್ಲ, ಒಳಗಿನ ಹಲ್ಲಿಗೆ ಹಿಡಿಯುತ್ತೆ.

ಅನುಮಾನ ಇದ್ರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಡೆಂಟಲ್ ಕಾಲೇಜುಗಳಿವೆ.

ಊರಲ್ಲಿ ಪುಟ್ಟ ಮಕ್ಕಳಿದ್ದಾರಾ? ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ. ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ಕುಡಿಸೋಕೆ ಹೇಳಿ, ಫಿಲ್ಟರ್ ಸರಿಯಾಗಿ ಬದಲಾಯಿಸ್ತಾರಾ ಅಂತಲೂ ವಿಚಾರಿಸಿ. ನಮ್ಮ ಹಲ್ಲಿನ ಕಲೆ ಅವರಿಗೆ ಬರೋದು ಬೇಡ.