ಎಂಟು ತಿಂಗಳ ಕಾರಿಗೆ ಎಷ್ಟು ಬೆಲೆ?

2025ರ ದೀಪಾವಳಿಗೆಂದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿರುವ ನಮ್ಮ ಅಣ್ಣನ ಮನೆಗೆ ಹೋಗಿದ್ದೆ. ಪೂಜೆ, ಪ್ರಸಾದ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ಹಬ್ಬದ ಮಾತಿಗಿಂತ ಕಾರಿನ ಮಾತೇ ಹೆಚ್ಚಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗ ಒಂದು ಕಾರನ್ನು ನೋಡಿಟ್ಟು ಬಂದಿದ್ದ. ನಾಲ್ಕು ಮೀಟರಿಗಿಂತ ಗಿಡ್ಡನೆಯ ಮೈ, ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ವೇಗಕ್ಕೆಂದೇ ಬಿಗಿಗೊಳಿಸಿದ ಸಸ್ಪೆನ್ಷನ್.

“ಚಿಕ್ಕಪ್ಪ, ಹದಿನಾರು ಲಕ್ಷದ ಕಾರು ಹದಿಮೂರೂವರೆಗೆ ಬರುತ್ತಿದೆ. ಓಡಿರುವುದು ಎಂಟೇ ತಿಂಗಳು. ಸವಕಳಿಯೆಲ್ಲ ಮೊದಲಿನವರ ತಲೆಗೇ ಹೋಯಿತಲ್ಲ!” ಎಂದ.

ಅಣ್ಣ ಮಾತನಾಡಲಿಲ್ಲ. ಎಂಟು ಲಕ್ಷ ಸಾಲ, ಐವತ್ತು ಸಾವಿರ ಹುಡುಗನ ಉಳಿತಾಯ; ಉಳಿದ ಐದು ಲಕ್ಷವನ್ನು ಅಣ್ಣ ಕೊಡಬೇಕಿತ್ತು. ಅದು ರೇಷ್ಮೆಗೂಡು ಮಾರಿದ ಹಣದಲ್ಲಿ, ಹೊಸ ಕೊಳವೆಬಾವಿಗೆಂದು ಬೆಳೆಯಿಂದ ಬೆಳೆಗೆ ಕೂಡಿಟ್ಟದ್ದು. ಹಳೆಯ ಬಾವಿಯ ನೀರು ಹಿಪ್ಪುನೇರಳೆ ತೋಟಕ್ಕೆ ಸಾಲದಾಗಿದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತಿಗೆ ನನ್ನ ಕಡೆ ನೋಡಿ, “ನೀವೇ ಒಂದು ಲೆಕ್ಕ ಹಾಕಿ ಹೇಳಿ” ಎಂದರು. ಅಂದು ಹಾಕಿದ ಲೆಕ್ಕವನ್ನೇ ಈ ತಿಂಗಳು ಓದುಗರ ಮುಂದಿಡುತ್ತಿದ್ದೇನೆ. ಅಂಕಿಗಳನ್ನು ತುಸು ದುಂಡಗೆ ಮಾಡಿದ್ದೇನೆ, ಅಷ್ಟೆ.

ಸವಕಳಿಯೆಂದರೇನೆಂದು ಗೂಡು ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡು ದಿನ ಕಳೆದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ; ಚಿಟ್ಟೆ ಹೊರಬಂದರಂತೂ ನೂಲು ಬಿಚ್ಚಲು ಬಾರದು. ಶಿಡ್ಲಘಟ್ಟದ ಮಾರುಕಟ್ಟೆಯ ಹರಾಜಿನಲ್ಲಿ ನಿನ್ನೆಯ ದರವನ್ನು ಹೇಳಿ ಇಂದಿನ ಗೂಡನ್ನು ಮಾರಲಾಗದು. ಆದರೆ ಅದೇ ಮನೆಯ ಹುಡುಗ ಕಾರಿನ ವಿಷಯದಲ್ಲಿ ನಿನ್ನೆಯ ದರವನ್ನೇ ಹಿಡಿದು ಕುಳಿತಿದ್ದ.

ಆ ಕಾರು ನೋಂದಣಿಯಾದದ್ದು 2025ರ ಫೆಬ್ರವರಿಯಲ್ಲಿ. ಆಗ ಷೋರೂಮ್ ಬೆಲೆ 12 ಲಕ್ಷ 90 ಸಾವಿರ. ಅದರೊಳಗೆ ಜಿ.ಎಸ್.ಟಿ. ಶೇಕಡ 28, ಪರಿಹಾರ ಸೆಸ್ ಶೇಕಡ 1, ಒಟ್ಟು 29ರ ತೆರಿಗೆ ಸೇರಿತ್ತು. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇಕಡ 17. ಅಂದರೆ 2 ಲಕ್ಷ 19 ಸಾವಿರ, ಅದರ ಮೇಲಿನ ಸೆಸ್ ಬೇರೆ. ವಿಮೆಯೂ ಸೇರಿ ರಸ್ತೆಗಿಳಿಯುವಾಗ ಹದಿನಾರು ಲಕ್ಷದ ಸಮೀಪ ಆಗಿದ್ದು ನಿಜವೇ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಾವಿರದ ಇನ್ನೂರು ಸಿ.ಸಿ.ಗೆ ಮೀರದ ಇಂಥ ಗಿಡ್ಡ ಪೆಟ್ರೋಲ್ ಕಾರುಗಳ ತೆರಿಗೆ ಶೇಕಡ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟರೆ ಕಾರಿನ ಮೂಲ ಬೆಲೆ ಹತ್ತು ಲಕ್ಷ. ಹಾಗಾಗಿ ಅದೇ ಕಾರು ಹೊಸದಾಗಿಯೇ ಈಗ 11 ಲಕ್ಷ 80 ಸಾವಿರಕ್ಕೆ ಸಿಗುತ್ತದೆ. ಜೀವಾವಧಿ ತೆರಿಗೆಯೂ ಅದಕ್ಕೆ ತಕ್ಕಂತೆ ತಗ್ಗಿ, ಎಲ್ಲ ಸೇರಿ ಹದಿನಾಲ್ಕೂವರೆ ಲಕ್ಷ. ಹುಡುಗ ಎರಡೂವರೆ ಲಕ್ಷ ಉಳಿಯಿತೆಂದು ಹಿಗ್ಗಿದ್ದ. ಉಳಿದದ್ದು ಒಂದೇ ಲಕ್ಷ. ಮಾರುವವನು ತಾನು ಕೊಟ್ಟ ಬೆಲೆಯಿಂದ ಎಣಿಸುತ್ತಾನೆ. ಕೊಳ್ಳುವವನು ಇಂದು ಹೊಸದು ಎಷ್ಟಕ್ಕೆ ಬರುತ್ತದೆ ಎಂಬಲ್ಲಿಂದ ಎಣಿಸಬೇಕು.

ಆ ಒಂದು ಲಕ್ಷವೂ ಪೂರ್ತಿ ಕೈಗೆ ಬರುವಂಥದಲ್ಲ. ಬಳಸಿದ ಕಾರಿನ ಸಾಲಕ್ಕೆ ಬಡ್ಡಿ ಹೆಚ್ಚು. ಎಂಟು ಲಕ್ಷಕ್ಕೆ ಐದು ವರ್ಷದ ಅವಧಿಯಲ್ಲಿ ಶೇಕಡ 9ರ ಬಡ್ಡಿಯಾದರೆ ತಿಂಗಳ ಕಂತು 16,607 ರೂಪಾಯಿ, ಶೇಕಡ 12.5 ಆದರೆ 17,998. ಅರವತ್ತು ಕಂತುಗಳಲ್ಲಿ ವ್ಯತ್ಯಾಸ ಸುಮಾರು 83 ಸಾವಿರ.

ಇನ್ನು ಸವಕಳಿಯೆಲ್ಲ ಮೊದಲಿನವನ ತಲೆಗೇ ಹೋಯಿತೆಂಬ ಮಾತು. ಮೋಟಾರು ವಿಮೆಯವರ ಬಳಿ ಇದಕ್ಕೊಂದು ಪಟ್ಟಿಯಿದೆ. ಆರು ತಿಂಗಳವರೆಗೆ ಶೇಕಡ 5, ವರ್ಷ ತುಂಬುವವರೆಗೆ 15, ಎರಡನೆಯ ವರ್ಷ 20, ಮೂರರಲ್ಲಿ 30, ನಾಲ್ಕರಲ್ಲಿ 40, ಐದರಲ್ಲಿ 50. ಅದನ್ನು ಕಳೆಯುವುದೂ ಆ ಮಾದರಿಯ ಅಂದಿನ ಪಟ್ಟಿಯ ಬೆಲೆಯಿಂದಲೇ ಹೊರತು ಮೊದಲಿಗ ಕೊಟ್ಟ ಬೆಲೆಯಿಂದಲ್ಲ. ಪೇಟೆಯ ಬೆಲೆ ಈ ಪಟ್ಟಿಯಂತೆಯೇ ನಡೆಯುವುದಿಲ್ಲ, ಆದರೆ ಲೆಕ್ಕಕ್ಕೊಂದು ಆಧಾರ ಬೇಕಲ್ಲ. ಐದು ವರ್ಷ ತುಂಬುವಾಗ ಆ ಕಾರಿಗೆ 5 ಲಕ್ಷ 90 ಸಾವಿರ ಬಂದೀತೆಂದು ಇಟ್ಟುಕೊಳ್ಳೋಣ. ಹದಿಮೂರೂವರೆಗೆ ಕೊಂಡ ನಮ್ಮ ಹುಡುಗ 52 ತಿಂಗಳಲ್ಲಿ 7 ಲಕ್ಷ 60 ಸಾವಿರ ಕಳೆದುಕೊಳ್ಳುತ್ತಾನೆ; ತಿಂಗಳಿಗೆ 14,600. ಹೊಸದನ್ನೇ ಹದಿನಾಲ್ಕೂವರೆಗೆ ಕೊಂಡವನು 60 ತಿಂಗಳಲ್ಲಿ ಕಳೆದುಕೊಳ್ಳುವುದು 8 ಲಕ್ಷ 60 ಸಾವಿರ, ತಿಂಗಳಿಗೆ 14,300. ಹಳೆಯದನ್ನು ಕೊಂಡವನಿಗೇ ಹೆಚ್ಚು! ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಹುಡುಗ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮತ್ತೊಮ್ಮೆ ಕೂಡಿ ಕಳೆದು ನೋಡಿದ.

“ಆದರೆ ಇಂಥ ಕಾರುಗಳು ವಿರಳ, ಬೆಲೆ ಹಿಡಿದು ನಿಲ್ಲುತ್ತವೆ ಚಿಕ್ಕಪ್ಪ” ಎಂಬುದು ಅವನ ಕೊನೆಯ ವಾದ. ಕೆಲವಕ್ಕೆ ಅದು ಸಲ್ಲಬಹುದು. 2016ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ಪೋಲೊ ಜಿ.ಟಿ.ಐ. ಎಂಬ ಮೂರು ಬಾಗಿಲಿನ ವೇಗದ ಕಾರನ್ನು ಭಾರತಕ್ಕೆ ತಂದಿತು. ತರುವುದು 99 ಮಾತ್ರ ಎಂದು ಸಾರಿತು. ಬೆಲೆ 25 ಲಕ್ಷ 65 ಸಾವಿರ. ಮರುವರ್ಷವೇ ಬೆಲೆಯನ್ನು 20 ಲಕ್ಷದ ಆಸುಪಾಸಿಗೆ ಇಳಿಸಿತು. ಮೊದಲು ಕೊಂಡವರ ಕಾರು ನಿಂತ ಜಾಗದಲ್ಲೇ ಐದಾರು ಲಕ್ಷ ಕಳೆದುಕೊಂಡಿತು. ಕೊಳ್ಳುವವರೂ ವಿರಳವಾದರೆ ವಸ್ತುವಿನ ವಿರಳತೆಯಿಂದ ಏನು ಪ್ರಯೋಜನ?

ಮರುದಿನ ಕಾರನ್ನು ನೋಡಲು ನಾನೂ ಹೋದೆ. ಓಡಿಸಿಯೂ ನೋಡಿದೆ. ನನ್ನ ವಯಸ್ಸಿಗೂ ಮುಖದಲ್ಲಿ ನಗೆ ತರಿಸುವ ಓಟ. ಅದನ್ನು ಬಯಸಿದ ಹುಡುಗನನ್ನು ನಾನು ದೂರಲಾರೆ. ಇಳಿದ ಮೇಲೆ ಟೈರುಗಳ ಬದಿಯನ್ನು ನೋಡಿದೆ. ಅಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕರ ಮೇಲೂ 2625 ಎಂದಿತ್ತು, ಎಂದರೆ 2025ರ 26ನೆಯ ವಾರ. ಫೆಬ್ರವರಿಯಲ್ಲಿ ನೋಂದಣಿಯಾಗಿ ಒಂಬತ್ತು ಸಾವಿರ ಕಿಲೋಮೀಟರು ಮಾತ್ರ ಓಡಿದ ಕಾರಿಗೆ ಜೂನ್ ಕೊನೆಯ ಟೈರು ಏಕೆ? ಕೇಳಿದಾಗ ಮಾರುವ ತರುಣ ಸಂಕೋಚದಿಂದಲೇ ಹೇಳಿದ: ಪ್ರತಿ ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ತಿರುವುಗಳು. ಟೈರು ತಿಂದ ಓಟ ಬ್ರೇಕನ್ನೂ ಕ್ಲಚ್ಚನ್ನೂ ಬಿಟ್ಟಿರಲಾರದು. ವೇಗದ ಕಾರಿನಲ್ಲಿ ಕಿಲೋಮೀಟರಿನ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಶಕ್ತಿ ಹೆಚ್ಚಿಸಿದ್ದರಂತೂ ಕಂಪನಿ ವಾರಂಟಿಯನ್ನು ನಿರಾಕರಿಸಬಹುದು. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ತೋರಿಸದೆ ಮುಂಗಡ ಕೊಡಬಾರದು.

ಕಾಗದಪತ್ರದ ವಿಷಯ ಎರಡೇ ಮಾತು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆ, ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದಕ್ಕೆ 35ನೆಯದು. ವಿಮೆಯನ್ನೂ ತಪ್ಪದೆ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಮಾರಿದವನ ಜೊತೆಗೇ ಹೋಗುತ್ತದೆ.

ನನ್ನ ಲೆಕ್ಕದಲ್ಲಿ ಆ ಕಾರಿಗೆ ಹನ್ನೊಂದೂವರೆ ಲಕ್ಷ. ಆ ಬೆಲೆಗೆ ಸಿಕ್ಕಿದರೆ ತಿಂಗಳ ಸವಕಳಿ 10,800ರ ಸುಮಾರಿಗೆ ಇಳಿದು, ಎಂಟು ತಿಂಗಳ ಹಳೆಯದನ್ನು ಕೊಂಡದ್ದಕ್ಕೆ ಅರ್ಥ ಬರುತ್ತಿತ್ತು. ಹುಡುಗ ಅಷ್ಟನ್ನೇ ಕೇಳಿದ. ಆ ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಂಕಿಗೇ ಅದಕ್ಕಿಂತ ಹೆಚ್ಚು ಕಟ್ಟಬೇಕು ಸಾರ್” ಎಂದ. ಅವನೂ ಯಾರದೋ ಮನೆಯ ಮಗ, ಮರುಕವಾಯಿತು. ಆದರೆ ಅವನ ಸಾಲದ ಬಾಕಿ ಕಾರಿನ ಬೆಲೆಯಾಗಲಾರದು. ಕೈಮುಗಿದು ಬಂದೆವು.

ದಿಬ್ಬೂರಹಳ್ಳಿಗೆ ಕೊಳವೆಬಾವಿಯ ಲಾರಿ ಮುಂದಿನ ವಾರ ಬರುತ್ತದೆಂದು ಅಣ್ಣ ಫೋನ್ ಮಾಡಿದ್ದರು. ಹುಡುಗ ಕಾರಿನ ಆಸೆ ಬಿಟ್ಟಿಲ್ಲ. ಈಗ ಎರಡು ವರ್ಷ ದಾಟಿದವುಗಳನ್ನು ನೋಡುತ್ತಿದ್ದಾನಂತೆ, ಮೊದಲು ಟೈರಿನ ಬದಿಗೆ ಬಗ್ಗಿ.